ನೆಲ್ಲಕ್ಕಿಯ ದೀಪ: ಕೊಡಗಿನ ಮನೆಗಳಲ್ಲಿ ದೈವ ನೆಲಸಿದ ಬಗೆ

ಕನ್ನಡನಾಡಿನ ಬಯಲುಸೀಮೆಯಲ್ಲಾಗಲಿ ಕರಾವಳಿಯಲ್ಲಾಗಲಿ ಹಳೆಯ ಮನೆಯೊಂದನ್ನು ಹೊಕ್ಕವನು, ಆ ಮನೆಯ ದೇವರು ಎಲ್ಲಿ ನೆಲಸಿದ್ದಾನೆಂಬುದನ್ನು ಯಾರನ್ನೂ ಕೇಳದೆ ಅರಿಯಬಲ್ಲನು. ಉಳ್ಳವರ ಮನೆಯಾದರೆ ಕೆತ್ತನೆಯ ಬಾಗಿಲಿನ ಪೂಜಾಗೃಹ, ಇಲ್ಲದವರ ಮನೆಯಾದರೆ ಅಡುಗೆಮನೆಯ ಗೋಡೆಯಲ್ಲೊಂದು ಗೂಡು. ಒಳಗೆ ವಿಗ್ರಹವೋ ಸಾಲಿಗ್ರಾಮವೋ ಬೆಳ್ಳಿಯ ಮುಖವಾಡವೋ, ಮುಂದೆ ಒಂದೆಳೆ ರಂಗವಲ್ಲಿ. ಇದೇ ಕಣ್ಣಿನಿಂದ, ವಂಶವೊಂದರ ಮೂಲಮನೆಯಾದ ಕೊಡಗಿನ ಐನ್‌ಮನೆಯೊಂದನ್ನು ನೋಡತೊಡಗಿದವನು, ಜಗಲಿಯಾದ ಕೈಯಾಲೆಯನ್ನು ದಾಟಿ, ನಡುಕೋಣೆಯನ್ನು ಹೊಕ್ಕು, ಒಳಕೋಣೆಗಳನ್ನೆಲ್ಲ ಸುತ್ತಿ ಬಂದರೂ ವಿಗ್ರಹದ ಪೀಠವನ್ನಾಗಲಿ ಶಂಖಜಾಗಟೆಗಳನ್ನಾಗಲಿ ಕಾಣದೆ, ಇಷ್ಟು ದೊಡ್ಡ ಮನೆಯನ್ನು ಕಟ್ಟಿದ ಜನ ದೇವರಿಗೆ ಒಂದು ಮೂಲೆಯನ್ನೂ ಬಿಡಲಿಲ್ಲವೆ ಎಂದು ಬೆರಗಾಗುವ ಸಂಭವವುಂಟು. ಆದರೆ ಅವನ ತಲೆಯ ಮೇಲೆ ಸರಪಳಿಯಿಂದ ತೂಗುತ್ತಿದ್ದ ದೀಪ, ಅವನು ಬೆನ್ನೊರಗಿಸಲು ಹೊರಟಿದ್ದ ಕಂಬ, ಅವನು ಇಣುಕಿ ಕತ್ತಲೆಯನ್ನು ಮಾತ್ರ ಕಂಡು ಹಿಂದಿರುಗಿದ ನೈಋತ್ಯದ ಕೋಣೆ, ಬರುವಾಗ ದಾರಿಯ ಪಕ್ಕದಲ್ಲಿ ನೋಡಿ ಯಾವುದೋ ಉಗ್ರಾಣವೆಂದು ಬಗೆದಿದ್ದ ಸಣ್ಣ ಕಟ್ಟಡ, ಇವು ನಾಲ್ಕೂ ಆ ಮನೆಯ ಗುಡಿಗಳೇ ಆಗಿದ್ದವು.

ಮನೆಯಲ್ಲಿ ತನ್ನದೊಂದು ದೇವರ ಸ್ಥಾನವನ್ನು ಮಾಡಿಕೊಳ್ಳುವುದು ಇಂದು ವ್ಯಕ್ತಿಯ ರುಚಿ ಮತ್ತು ಶ್ರದ್ಧೆಗಳಿಗೆ ಸೇರಿದ ವಿಷಯವೆಂದು ನಾವು ತಿಳಿದಿದ್ದೇವೆ. ಕೊಡಗಿನಲ್ಲಿ ಅದು ಬಹುಕಾಲ ಹಾಗಿರಲಿಲ್ಲ. ಅಲ್ಲಿ ಮನೆಯೊಳಗಿನ ದೈವವು ಒಂದು ವಂಶದ ಸಾಮುದಾಯಿಕ ಸ್ವತ್ತಾಗಿದ್ದಿತು. ಅದಕ್ಕೆ ದೀಪ ಹಚ್ಚುವುದು ಭಕ್ತಿಯಷ್ಟೇ ಅಲ್ಲದೆ ಬಾಧ್ಯತೆಯೂ ಆಗಿದ್ದಿತು. ಆ ಸಾಮುದಾಯಿಕ ಸ್ಥಾನವು ಕಳೆದ ನೂರೈವತ್ತು ವರ್ಷಗಳಲ್ಲಿ ಹೇಗೆ ಮನೆಮನೆಯ ಸ್ವಂತ ಸ್ಥಾನಗಳಾಗಿ ಕವಲೊಡೆಯಿತು, ಕವಲೊಡೆಯುವಾಗ ಯಾವುದು ಜತೆಯಲ್ಲಿ ಹೊರಟಿತು, ಯಾವುದು ಹಳೆಯ ನೆಲದಲ್ಲಿಯೇ ನಿಂತಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕೊಡವ ಸಮಾಜಕ್ಕೆ ಆಧಾರವಾದುದು ಒಕ್ಕ. ಒಬ್ಬ ಮೂಲಪುರುಷನಿಂದ ಗಂಡುಸಂತತಿಯ ಮೂಲಕ ಇಳಿದುಬಂದವರೆಲ್ಲರೂ ಒಂದು ಒಕ್ಕದವರು. ಆ ಒಕ್ಕದ ಹೆಸರು ಪ್ರತಿಯೊಬ್ಬನ ಸ್ವಂತ ಹೆಸರಿಗಿಂತ ಮೊದಲು ಬರತಕ್ಕದ್ದು. ಯುದ್ಧಕಾಲದಲ್ಲಿ ಅರಸನಿಗೆ ಸೇವೆ ಸಲ್ಲಿಸುವ ಕಟ್ಟಿಗೆ ಒಳಪಟ್ಟು, ಸಾಮಾನ್ಯ ದರದ ಅರ್ಧ ಕಂದಾಯಕ್ಕೆ ಅನುಭವಿಸುತ್ತಿದ್ದ ಜಮ್ಮಾ ಭೂಮಿಯು ಒಕ್ಕಕ್ಕೆ ಸೇರಿದುದೇ ಹೊರತು ಅದರಲ್ಲಿ ಹುಟ್ಟಿದ ಯಾವೊಬ್ಬನಿಗೂ ಸೇರಿದುದಲ್ಲವಾದ್ದರಿಂದ, ಅದನ್ನು ಮಾರುವುದಕ್ಕೂ ಪಾಲುಮಾಡಿಕೊಳ್ಳುವುದಕ್ಕೂ ಹಳೆಯ ಕಟ್ಟಳೆಯಲ್ಲಿ ಅವಕಾಶವಿರಲಿಲ್ಲ. ಗದ್ದೆ ಹೇಗೆ ಅವಿಭಕ್ತವೋ ಮನೆಯೂ ಹಾಗೆಯೇ. ಮನೆ ಹೇಗೋ ಮನೆಯ ದೈವವೂ ಹಾಗೆಯೇ. ಒಕ್ಕದ ಹಿರಿಯನಾದ ಪಟ್ಟೆದಾರನು ಭೂಮಿಯ ಲೆಕ್ಕಕ್ಕೆ ಹೊಣೆಗಾರನಾಗಿದ್ದಂತೆ ಪಿತೃಗಳ ಲೆಕ್ಕಕ್ಕೂ ಹೊಣೆಗಾರನಾಗಿದ್ದನು. ಈ ಪದ್ಧತಿ ಕೊಡವರೊಬ್ಬರದೇ ಅಲ್ಲ. ಕೊಡವ ತಕ್ಕನ್ನಾಡುವ ಅನೇಕ ಸಮುದಾಯಗಳಿಗೂ, ಅರೆಭಾಷೆಯ ಗೌಡರಿಗೂ ತಮ್ಮ ತಮ್ಮ ಐನ್‌ಮನೆಗಳುಂಟು, ತಮ್ಮ ತಮ್ಮ ಮೂಲಪುರುಷರಾದ ಗುರುಕಾರಣರುಂಟು.

ಐನ್‌ಮನೆ ಸಾಮಾನ್ಯವಾಗಿ ಗದ್ದೆಯ ಬಯಲಿಗೆ ಮುಖಮಾಡಿ, ಹಿಂದೆ ಬಾಣೆಯ ಕಾಡನ್ನು ಬೆನ್ನಿಗಿಟ್ಟುಕೊಂಡು, ನೆರೆಮನೆಯಿಂದ ದೂರವಾಗಿ ಎತ್ತರದ ಜಾಗದಲ್ಲಿ ನಿಲ್ಲುತ್ತದೆ. ಎರಡು ಬದಿಗೂ ಮಣ್ಣಿನ ಇಲ್ಲವೆ ಕಲ್ಲಿನ ಗೋಡೆಯೆದ್ದ ಓಣಿಯಲ್ಲಿ ನಡೆದು ಅಂಗಳವನ್ನು ಮುಟ್ಟಬೇಕು. ಮೆಟ್ಟಿಲೇರಿದರೆ ಕೈಯಾಲೆ, ಅಲ್ಲಿ ಕಂಬದಿಂದ ಕಂಬಕ್ಕೆ ಹಾಸಿದ ಐಮರವೆಂಬ ದಪ್ಪ ಹಲಗೆ, ಹಲವು ತಲೆಮಾರಿನ ಹಿರಿಯರು ಕುಳಿತೆದ್ದು ಕನ್ನಡಿಯಂತೆ ನುಣುಪಾದುದು. ದೊಡ್ಡ ಮನೆಗಳಲ್ಲಿ ನಾಲ್ಕು ಕಡೆಯೂ ಕಟ್ಟಡವಿದ್ದು ನಡುವೆ ಆಕಾಶಕ್ಕೆ ತೆರೆದ ಅಂಗಳವಿರುತ್ತದೆ. ಕೈಯಾಲೆಯ ಬಾಗಿಲಿಂದೊಳಗೆ ಸಿಗುವ ವಿಶಾಲವಾದ ಕೋಣೆಯೇ ನೆಲ್ಲಕ್ಕಿ ನಡುಬಾಡೆ. ಊಟ ಅಲ್ಲಿ, ಪಂಚಾಯಿತಿ ಅಲ್ಲಿ, ಮದುವೆ ಅಲ್ಲಿ, ಸಾವಿನ ಕರ್ಮವೂ ಅಲ್ಲಿ. ದೇವರಿಗೆಂದು ಲೋಕವ್ಯವಹಾರದಿಂದ ಬೇರ್ಪಡಿಸಿದ ಕೋಣೆಯೊಂದನ್ನು ಕಟ್ಟುವ ಬದಲು, ಲೋಕವ್ಯವಹಾರ ಅತ್ಯಂತ ದಟ್ಟವಾಗಿ ನಡೆಯುವ ಸ್ಥಳದಲ್ಲಿಯೇ ದೀಪವನ್ನು ತೂಗಿಬಿಟ್ಟವರು ಈ ಜನ.

ಆ ದೀಪವೇ ತೂಕ್ ಬೊಳಕ್. ಮುಂಜಾನೆಯೂ ಮುಸ್ಸಂಜೆಯೂ ಮನೆಯ ಹೆಂಗಸರು ಅದಕ್ಕೆ ಎಣ್ಣೆಬತ್ತಿಗಳನ್ನಿಟ್ಟು ಹಚ್ಚುತ್ತಾರೆ; ಹಚ್ಚಿದ ದೀಪಕ್ಕೆ ಕೈಮುಗಿದ ಮೇಲೆ ಕಿರಿಯರು ಹಿರಿಯರ ಪಾದವನ್ನು ಮುಟ್ಟುತ್ತಾರೆ. ಮಂತ್ರವಿಲ್ಲ, ಪುರೋಹಿತನಿಲ್ಲ, ನೈವೇದ್ಯದ ವಿಧಿಯೂ ಇಲ್ಲ. ಆದರೆ ಈ ನಿರಾಡಂಬರವಾದ ದೀಪದ ಅಧಿಕಾರವೆಷ್ಟೆಂಬುದು ಒಕ್ಕದ ಮಹತ್ಕಾರ್ಯಗಳಲ್ಲಿ ಗೋಚರವಾಗುತ್ತದೆ. ಎರಡು ಒಕ್ಕಗಳ ಹಿರಿಯರು ವಿವಾಹಸಂಬಂಧದ ಮಾತನ್ನು ಸ್ಥಿರಪಡಿಸಿಕೊಳ್ಳುವ ಮಂಗಲ ಕುರಿಪ ನಡೆಯುವುದು ಇದರ ಕೆಳಗೆ. ಬಂದ ಸೊಸೆಯು ಅಕ್ಕಿಯೆರಚಿ ವಂದಿಸುವುದು ಮೊದಲು ಇದಕ್ಕೆ. ಕೊಡವರ ಮದುವೆಗೆ ಬ್ರಾಹ್ಮಣ ಪುರೋಹಿತನ ಅಗತ್ಯವಿಲ್ಲವೆಂಬುದನ್ನು ಹೊರಗಿನವರು ಆಶ್ಚರ್ಯದಿಂದ ಉಲ್ಲೇಖಿಸುತ್ತಾರೆ; ಸಾಕ್ಷಿಯಾಗಿ ದೀಪವೂ, ಆಶೀರ್ವದಿಸಲು ಹಿರಿಯರೂ, ಅವರ ಹಿಂದೆ ಅದೃಶ್ಯನಾಗಿ ಗುರುಕಾರಣನೂ ಇರುವಲ್ಲಿ ನಾಲ್ಕನೆಯವನೊಬ್ಬನಿಗೆ ಎಡೆಯಿರಲಿಲ್ಲವೆಂಬುದೇ ಇದಕ್ಕೆ ಸಮಾಧಾನ. ತೂಗುವ ದೀಪವು ಸ್ಥಾವರವಾದರೆ ಅದಕ್ಕೊಂದು ಜಂಗಮರೂಪವೂ ಉಂಟು: ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ ಅದರ ಮೇಲೆ ಸಣ್ಣ ದೀಪವನ್ನಿಟ್ಟ ತಳಿಯತಕ್ಕಿ ಬೊಳಕ್. ಗದ್ದೆಗೆ, ಬಾವಿಗೆ, ಮದುವೆಯ ಚಪ್ಪರಕ್ಕೆ ದೀಪವನ್ನು ಕೊಂಡೊಯ್ಯಬೇಕಾದಾಗಲೆಲ್ಲ ಮನೆಯ ಬೆಳಕು ಈ ರೂಪದಲ್ಲಿ ಹೊರಡುತ್ತದೆ.

ದೀಪದ ನಂತರದ ಸ್ಥಾನ ಕನ್ನಿಕಂಬದ್ದು ಮತ್ತು ಕನ್ನಿಕೋಂಬರೆಯದು. ಮನೆಯ ಭಾರವನ್ನು ಹೊತ್ತ ಅನೇಕ ಕಂಬಗಳ ನಡುವೆ ಈ ಒಂದು ಕಂಬವು ಪವಿತ್ರವೆಂದು ಪರಿಗಣಿತವಾದುದು. ಹೊಸ ತೆನೆ ಬಂದಾಗ ಅದನ್ನು ಕಟ್ಟುವುದು ಇದಕ್ಕೆ. ಕನ್ನಿಮೂಲೆಯೆನಿಸಿದ ನೈಋತ್ಯದ ಕೋಣೆಯಾದ ಕನ್ನಿಕೋಂಬರೆಯೊಳಗೆ ಆಯುಧಗಳೂ ಪೂರ್ವಜರ ಸ್ಮರಣೆಯೂ ಒಟ್ಟಿಗೆ ವಾಸಿಸುತ್ತವೆ. ಹಿರಿಯರಿಗೆ ಬಾಳೆಯೆಲೆಯಲ್ಲಿ ಬಡಿಸಿಡುವ ಎಡೆ, ಅಂದರೆ ಮೀದಿ, ಮನೆಮಂದಿಯ ಊಟಕ್ಕಿಂತ ಮೊದಲು ಸಲ್ಲತಕ್ಕದ್ದು. ಹಬ್ಬದ ದಿನ ಅಡುಗೆಯಾದ ಪ್ರತಿಯೊಂದು ಪದಾರ್ಥವೂ ಆ ಎಲೆಯ ಮೇಲೆ ಇರಬೇಕು. ಹಂದಿಯ ಮಾಂಸವಾದರೂ ಸರಿ, ಮದ್ಯವಾದರೂ ಸರಿ. ತಾವು ಉಣ್ಣುವುದನ್ನು ತಮ್ಮ ಹಿರಿಯರಿಗೆ ಬಡಿಸಲು ಸಂಕೋಚಪಡದ, ಹಿರಿಯರು ಉಂಡುದನ್ನು ತಾವು ಉಣ್ಣಲು ನಾಚದ ಒಂದು ಋಜುತ್ವ ಈ ಆರಾಧನೆಯಲ್ಲಿದೆ.

ಇವೆಲ್ಲಕ್ಕಿಂತ ಗುಡಿಯ ಆಕಾರಕ್ಕೆ ಸಮೀಪವಾದುದು ಕೈಮಡ. ಮನೆಯ ಆವರಣದಲ್ಲಿ, ಅನೇಕ ವೇಳೆ ಓಣಿಯ ಸಮೀಪದಲ್ಲಿ, ಗುರುಕಾರಣನಿಗಾಗಿ ಕಟ್ಟಿದ ಸಣ್ಣ ಆಲಯವಿದು. ಒಕ್ಕವನ್ನು ಸ್ಥಾಪಿಸಿದ ಆದಿಪುರುಷನೇ ಇಲ್ಲಿ ಅಧಿದೇವತೆ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ಮೊದಲಿಗನಾದ ಹರ್ಮನ್ ಮೋಗ್ಲಿಂಗನು ಅನಂತರ ಕೊಡಗಿಗೆ ಬಂದು ನೆಲಸಿ, 1855ರಲ್ಲಿ ಆ ನಾಡಿನ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಅವನಂತೆಯೇ ಬಾಸೆಲ್ ಮಿಷನ್ನಿಗೆ ಸೇರಿದ ರಿಕ್ಟರನು 1870ರಲ್ಲಿ ಅದಕ್ಕಿಂತ ವಿಸ್ತಾರವಾದ ಕೈಪಿಡಿಯನ್ನು ಬರೆದನು. ಪರಧರ್ಮದ ಪ್ರಚಾರಕ್ಕೆಂದು ಬಂದವರು ಕೊಡಗಿನ ಪಿತೃಪೂಜೆಯನ್ನು ಆದರದಿಂದ ನೋಡಿದರೆಂದು ಹೇಳಲಾಗದು; ಆದರೂ ಅವರ ಪೀಳಿಗೆಯ ಬರಹಗಳಲ್ಲಿ ಉಳಿದುಬಂದ ಕೈಮಡದ ವಿವರ ಬೆಲೆಯುಳ್ಳದ್ದು. ಕೆಲವೆಡೆ ಅದು ಪುಟ್ಟ ಗುಡಿ, ಕೆಲವೆಡೆ ಹಾಲೊಸರುವ ಮರದ ಬುಡದಲ್ಲಿನ ಕಟ್ಟೆ ಮಾತ್ರ. ಅದರಲ್ಲಿ ಬೆಳ್ಳಿಯಲ್ಲೂ ಕಂಚಿನಲ್ಲೂ ಒರಟಾಗಿ ಎರಕಹೊಯ್ದ ರೂಪಗಳು, ಸುಟ್ಟ ಮಣ್ಣಿನ ಗೊಂಬೆಗಳು, ಬಳಪದ ಕಲ್ಲಿನ ಹಲಗೆಗಳ ಮೇಲೆ ಗೀರಿದ ಆಕೃತಿಗಳು. ಶಿಲ್ಪಶಾಸ್ತ್ರದ ಪ್ರಮಾಣಗಳನ್ನು ಬಲ್ಲ ಕೈಗಳು ಮಾಡಿದ ಪ್ರತಿಮೆಗಳಲ್ಲ ಇವು. ಅಜ್ಜನನ್ನು ನೆನೆಯುವುದಕ್ಕೆ ಅಜ್ಜನ ಪ್ರತಿಕೃತಿಯೇ ಬೇಕಾಗಿಲ್ಲ, ಒಂದು ಗುರುತು ಸಾಕು ಎಂದು ತಿಳಿದವರ ಕೃತಿಗಳು.

ಕಾರಣಂಗ್ ಕೊಡ್‌ಪ ಎಂಬ ಹೆಸರಿನಲ್ಲಿ ಒಕ್ಕದವರೆಲ್ಲ ಸೇರಿ ಪಿತೃಗಳಿಗೆ ಬಲಿಯನ್ನೂ ಅನ್ನವನ್ನೂ ಅರ್ಪಿಸುವ ದಿನ ಈ ಕೈಮಡವು ಒಕ್ಕದ ನಿಜವಾದ ಕೇಂದ್ರವಾಗುತ್ತದೆ. ಕೆಲವು ಒಕ್ಕಗಳಲ್ಲಿ ಕಾರಣನ ತೆರೆಯೂ ನಡೆಯುತ್ತಿದ್ದಿತು. ಮಲೆಯ, ಪಣಿಕ, ಬಣ್ಣ ಮುಂತಾದ ಸಮುದಾಯಗಳ ಪಾತ್ರಿಯು ವೇಷತೊಟ್ಟು, ರಾತ್ರಿಯ ಪಂಜಿನ ಬೆಳಕಿನಲ್ಲಿ ಆವೇಶಗೊಂಡು, ಸತ್ತುಹೋದ ಹಿರಿಯನ ನುಡಿಯನ್ನು ನುಡಿಯುವನು. ಗದ್ದೆಯ ಜಗಳ, ಮುರಿದ ಮಾತು, ಮರೆತ ಹರಕೆ, ಬಾರದ ಮಳೆ, ಎಲ್ಲವೂ ಆ ನುಡಿಯ ಮುಂದೆ ವಿಚಾರಣೆಗೆ ಬರುವವು. ಪಟ್ಟೆದಾರನೂ ತಲೆತಗ್ಗಿಸಿ ನಿಲ್ಲಬೇಕಾದ ನ್ಯಾಯಸ್ಥಾನ ಅದೊಂದೇ. ಒಕ್ಕದೊಳಗಿನ ಭಿನ್ನಾಭಿಪ್ರಾಯಗಳು ಕಚೇರಿಯ ಮೆಟ್ಟಿಲನ್ನು ಹತ್ತುವ ಮೊದಲು ಕೈಮಡದ ಅಂಗಳದಲ್ಲಿ ತೀರ್ಮಾನಗೊಳ್ಳುತ್ತಿದ್ದ ಕಾಲದಲ್ಲಿ, ಈ ಪುಟ್ಟ ಆಲಯದ ಪ್ರಯೋಜನ ಕೇವಲ ಪಾರಲೌಕಿಕವಾಗಿರಲಿಲ್ಲ. ಪ್ರಾಚೀನ ರೋಮನರು ಮನೆಯ ಲಾರೆಸ್ ದೇವತೆಗಳಿಗೆ ಗೂಡು ಕಟ್ಟಿ ನಿತ್ಯವೂ ಊಟದ ಪಾಲನ್ನು ಸಲ್ಲಿಸುತ್ತಿದ್ದರು. ಚೀನದ ಕುಲಗಳು ಪಿತೃಮಂದಿರದಲ್ಲಿ ಹಿರಿಯರ ಹೆಸರಿನ ಫಲಕಗಳನ್ನಿಟ್ಟು ಕುಲದ ಸಭೆಯನ್ನೂ ಅಲ್ಲಿಯೇ ನಡೆಸುತ್ತಿದ್ದರು. ಕೊಡಗಿನ ಒಕ್ಕವು ಮೊದಲನೆಯದನ್ನು ನೆಲ್ಲಕ್ಕಿಯಲ್ಲಿಯೂ ಎರಡನೆಯದನ್ನು ಕೈಮಡದಲ್ಲಿಯೂ ತನ್ನದೇ ರೀತಿಯಲ್ಲಿ ನೆರವೇರಿಸಿಕೊಂಡಿತೆನ್ನಬಹುದು.

ವರ್ಷದ ಮೂರು ಹಬ್ಬಗಳಲ್ಲಿ ಈ ಮನೆಯು ಹೇಗೆ ಮೂರು ಬೇರೆ ಬೇರೆ ಗುಡಿಗಳಾಗಿ ಮಾರ್ಪಡುತ್ತದೆಂಬುದನ್ನು ಗಮನಿಸಬೇಕು. ನಾಟಿಯ ಕೆಲಸವೆಲ್ಲ ಮುಗಿದು ಮಳೆ ಹಿಂದೆಗೆಯುವ ಸಮಯಕ್ಕೆ, ಸಾಮಾನ್ಯವಾಗಿ ಸೆಪ್ಟೆಂಬರಿನ ಮೊದಲ ವಾರದಲ್ಲಿ, ಕೈಲ್‌ಪೊಳ್ದ್ ಬರುತ್ತದೆ. ಕೃಷಿಯ ದಿನಗಳಲ್ಲಿ ಮುಟ್ಟದೆ ಇಟ್ಟಿದ್ದ ತೋಕು ಎಂಬ ಬಂದೂಕು, ಒಡಿಕತ್ತಿ, ಪೀಚೆಕತ್ತಿಗಳನ್ನು ಅಂದು ತೊಳೆದು ಒರೆಸಿ, ಗಂಧವನ್ನು ಹಚ್ಚಿ, ಕೆಂಪು ಹಳದಿಯ ಜ್ವಾಲೆಯಂತಿರುವ ತೋಕ್‌ಪೂವಿನಿಂದ ಸಿಂಗರಿಸಿ ದೀಪದ ಮುಂದೆ ಇಡುತ್ತಾರೆ. ಪೂಜೆ ಮುಗಿದ ಮೇಲೆ ಹಿರಿಯನು ಆಯುಧವನ್ನೆತ್ತಿ ಕಿರಿಯನ ಕೈಗೆ ಕೊಡುತ್ತಾನೆ. ಆ ಬಳಿಕ ಕಡಂಬುಟ್ಟು, ಹಂದಿಯ ಸಾರು, ಊರಿನ ಸಾರ್ವಜನಿಕ ಬಯಲಾದ ಮಂದ್‌ನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಬಂದೂಕನ್ನು ದೇವರ ಸ್ಥಾನದಲ್ಲಿಟ್ಟು ಪೂಜಿಸುವ ಈ ಜನರ ಮೇಲೆ ನಿರಾಯುಧೀಕರಣದ ಕಾಯಿದೆಯನ್ನು ಹೇರುವುದು ಉಚಿತವಲ್ಲವೆಂದು ಬ್ರಿಟಿಷ್ ಆಡಳಿತಕ್ಕೂ ತೋರಿರಬೇಕು. 1861ರಲ್ಲಿ ಅದರಿಂದ ಅವರಿಗೆ ವಿನಾಯಿತಿ ದೊರೆಯಿತು. ನಿಷ್ಠೆಗೆ ಸಂದ ಬಹುಮಾನವೆಂದು ಸರ್ಕಾರ ತಿಳಿದುದು ಒಕ್ಕಗಳ ಪಾಲಿಗೆ ತಮ್ಮ ಕನ್ನಿಕೋಂಬರೆಯ ಪಾವಿತ್ರ್ಯದ ರಕ್ಷಣೆಯಾಗಿ ಪರಿಣಮಿಸಿತು.

ಎರಡನೆಯದು ಕಾವೇರಿ ಸಂಕ್ರಮಣ. ಅಕ್ಟೋಬರ್ 17ರ ಸುಮಾರಿಗೆ ಸೂರ್ಯನು ತುಲಾರಾಶಿಯನ್ನು ಪ್ರವೇಶಿಸುವಾಗ ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವವಾಗುತ್ತದೆ. ನಾಡಿನ ಜನ ಬೆಟ್ಟವನ್ನೇರಿ ಮಿಂದು ತೀರ್ಥವನ್ನು ತರುವ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಆ ನದೀದೇವತೆ ಮರುದಿನ ಮನೆಮನೆಗೆ ಬಂದು ಕೂರುವ ಪರಿ ಅದಕ್ಕಿಂತ ಹೃದ್ಯವಾದುದು. ಬೆಳಗಿನ ಜಾವದಲ್ಲಿ ಮನೆಯ ಹೆಂಗಸರು ಮಿಂದು, ಒಂದು ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆಯ ವಸ್ತ್ರವನ್ನುಡಿಸಿ, ತಮ್ಮ ಕೊರಳಿನ ಪತ್ತಾಕನ್ನೂ ಸರಗಳನ್ನೂ ಬಿಚ್ಚಿ ಅದಕ್ಕೆ ತೊಡಿಸಿ, ಅಕ್ಕಿ ಹರಡಿದ ತಟ್ಟೆಯಲ್ಲಿ ವೀಳ್ಯದೆಲೆ ಅಡಕೆ ಬಳೆಗಳ ನಡುವೆ ನಿಲ್ಲಿಸಿ, ದೀಪವನ್ನು ಹಚ್ಚುತ್ತಾರೆ. ಇದೇ ಕಣಿ. ಮನೆಯ ಹೆಂಗಸರು ಮೊದಲು, ಆಮೇಲೆ ಉಳಿದವರು, ಅಕ್ಕಿಯೆರಚಿ ನಮಸ್ಕರಿಸುತ್ತಾರೆ, ತೀರ್ಥವನ್ನು ಹಂಚುತ್ತಾರೆ, ಆ ದಿನ ಮಾಂಸಮದ್ಯಗಳಿಗೆ ಪ್ರವೇಶವಿಲ್ಲ, ದೋಸೆಯೂ ಕುಂಬಳದ ಪಲ್ಯವೂ ಊಟ. ಗದ್ದೆಗೂ ಬಾವಿಯ ಕಟ್ಟೆಗೂ ಬಳ್ಳಿ ಸುತ್ತಿದ ಕವೆಗೋಲುಗಳನ್ನು ನೆಟ್ಟು, ಬೆಳೆ ನಿಂತ ನೆಲವನ್ನೂ ನೀರನ್ನೂ ಆ ಪೂಜೆಯಲ್ಲಿ ಸೇರಿಸಿಕೊಳ್ಳುತ್ತಾರೆ. ಉಳಿದ ತೀರ್ಥವನ್ನು ಜೋಪಾನವಾಗಿ ಮುಚ್ಚಿ ಮನೆಯಲ್ಲಿಡುವುದು, ಪ್ರಾಣ ಹೋಗುವ ಹೊತ್ತಿನಲ್ಲಿ ಬಾಯಿಗೆ ಬಿಡಲು.

ಕಣಿಯ ವಿಷಯದಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಗುರುಕಾರಣನ ಪೂಜೆ ಗಂಡುಸಂತತಿಯ ರೇಖೆಯನ್ನು ಹಿಡಿದು ಸಾಗುವಂಥದು. ಅಲ್ಲಿ ಅಧಿಕಾರ ಪಟ್ಟೆದಾರನದು. ಕಣಿಯಲ್ಲಿ ದೇವತೆ ಸ್ತ್ರೀ, ಅವಳನ್ನು ರೂಪಿಸುವವರು ಸ್ತ್ರೀಯರು, ಅವಳ ಆಭರಣಗಳು ಆ ಸ್ತ್ರೀಯರವೇ. ಬೇರೆ ಒಕ್ಕದಲ್ಲಿ ಹುಟ್ಟಿ ಈ ಮನೆಗೆ ಬಂದ ಸೊಸೆಗೂ ಇಲ್ಲಿ ಪೂರ್ಣಾಧಿಕಾರವುಂಟು. ಎರಡನೆಯದು, ಕಣಿಯು ಒಂದು ದಿನದ ಗುಡಿ. ಪ್ರತಿಷ್ಠೆಯೂ ವಿಸರ್ಜನೆಯೂ ತೋಟದ ಕಾಯಿಯೊಂದರಲ್ಲಿ ಮುಗಿಯುವುದರಿಂದ ಅದಕ್ಕೆ ಇಂಥದೇ ಗೋಡೆ, ಇಂಥದೇ ಕಂಬ ಬೇಕೆಂಬ ನಿರ್ಬಂಧವಿಲ್ಲ. ಐನ್‌ಮನೆಯ ಸ್ಥಾವರ ಆರಾಧನೆಯ ನಡುವೆ ಎಲ್ಲಿಗೆ ಬೇಕಾದರೂ ಹೋಗಬಲ್ಲ ಈ ಒಂದು ಆರಾಧನೆ ಮೊದಲಿನಿಂದಲೂ ಇದ್ದಿತು. ಮುಂದೆ ಮನೆಗಳು ಚದುರಿದಾಗ ಅದರ ಈ ಗುಣ ಕೆಲಸಕ್ಕೆ ಬಂದಿತು.

ಮೂರನೆಯದು ಪುತ್ತರಿ; ಪಂಜೆ ಮಂಗೇಶರಾಯರ ಹಾಡಿನಿಂದ ಕನ್ನಡಿಗರೆಲ್ಲರೂ ಹುತ್ತರಿಯೆಂದು ಅರಿತಿರುವ ಸುಗ್ಗಿಯ ಹಬ್ಬ. ಕಕ್ಕಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಜ್ಯೋತಿಷಿಗಳು ಮುಹೂರ್ತವನ್ನು ನಿಶ್ಚಯಿಸುತ್ತಾರೆ. ನವೆಂಬರ್ ಡಿಸೆಂಬರುಗಳ ಆ ಬೆಳುದಿಂಗಳ ರಾತ್ರಿ ಒಕ್ಕದವರೆಲ್ಲರೂ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಕೆಳಗೆ ಕುಳಿತು, ಅರಳಿ ಮಾವು ಮೊದಲಾದ ಐದು ಬಗೆಯ ಎಲೆಗಳನ್ನು ಜೋಡಿಸಿ ನೆರೆ ಕಟ್ಟುತ್ತಾರೆ. ದೀಪವನ್ನು ಮುಂದಿಟ್ಟುಕೊಂಡು ಗದ್ದೆಗಿಳಿದು, ಗುಂಡು ಹಾರಿಸಿ, ಬೆಳೆಗೆ ಹಾಲನ್ನೆರೆದು, ಪೊಲಿ ಪೊಲಿ ದೇವಾ ಎಂದು ಕೂಗುತ್ತ ಕದಿರನ್ನು ಕೊಯ್ದು ತರುತ್ತಾರೆ. ತಂದ ತೆನೆ ನೆರೆಯೊಡನೆ ಕನ್ನಿಕಂಬಕ್ಕೂ, ಬಾಗಿಲಿಗೂ, ನೇಗಿಲಿಗೂ, ಮನೆಯ ಬೇರೆ ಬೇರೆ ಪರಿಕರಗಳಿಗೂ ಕಟ್ಟಲ್ಪಡುತ್ತದೆ. ಅಂದಿನ ಮಟ್ಟಿಗೆ ಮನೆಯಲ್ಲಿ ದೇವರಲ್ಲದ ವಸ್ತುವೇ ಇಲ್ಲ.

ಹಾಗಾದರೆ ದೇವಾಲಯಗಳು? ಕೊಡಗಿಗೆ ಅವುಗಳ ಬರವಿರಲಿಲ್ಲ. ಊರೂರಿನ ಅಯ್ಯಪ್ಪ, ಪೊವ್ವದಿ, ಚಾಮುಂಡಿಯರ ಜತೆಗೆ ದೇವರಕಾಡುಗಳೇ ಸಾವಿರದ ಇನ್ನೂರಕ್ಕೆ ಮೀರಿದ್ದವು. ಬೇಟೆಯ ದೇವನಾದ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳ ಹರಕೆ ಸಲ್ಲುತ್ತಿದ್ದುದು ಆ ಬನಗಳಲ್ಲಿಯೇ. ಹದಿನೇಳನೆಯ ಶತಮಾನದಿಂದ 1834ರವರೆಗೆ ಆಳಿದ ಹಾಲೇರಿಯ ಅರಸರು ವೀರಶೈವರು. ಇಮ್ಮಡಿ ಲಿಂಗರಾಜೇಂದ್ರನು 1820ರಲ್ಲಿ ಮಡಿಕೇರಿಯ ಓಂಕಾರೇಶ್ವರ ದೇವಾಲಯವನ್ನು ಕಟ್ಟಿಸಿದನು, ಹಳೆಯ ಕ್ಷೇತ್ರಗಳಿಗೂ ರಾಜಾಶ್ರಯ ದೊರೆಯಿತು, ಬ್ರಾಹ್ಮಣ ಅರ್ಚಕರ ಪೂಜಾವಿಧಾನ ಅಲ್ಲಿ ಬಲಗೊಂಡಿತು. ಆದರೆ ಅರಸನ ಧರ್ಮವಾಗಲಿ ಅರ್ಚಕನ ಆಗಮವಾಗಲಿ ಐನ್‌ಮನೆಯ ಹೊಸ್ತಿಲನ್ನು ದಾಟಿ ಕೈಮಡದ ಎಡೆಯನ್ನು ಸುಲಭವಾಗಿ ಬದಲಿಸಲಾಗಲಿಲ್ಲ. ದೇವಾಲಯದಲ್ಲಿ ಒಂದು ರೀತಿ, ಮನೆಯಲ್ಲಿ ಮತ್ತೊಂದು ರೀತಿ, ಎರಡೂ ಒಬ್ಬನ ಬಾಳಿನಲ್ಲಿ ವಿರೋಧವಿಲ್ಲದೆ ನಡೆದುಕೊಂಡು ಬಂದವು. ಮೈಸೂರಿನ ಎಂ. ಎನ್. ಶ್ರೀನಿವಾಸರು 1952ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟಿಸಿದ, ಕೊಡವರ ಧರ್ಮ ಮತ್ತು ಸಮಾಜಗಳನ್ನು ಕುರಿತ ಗ್ರಂಥದಲ್ಲಿ ಇದನ್ನೇ ಸೂಕ್ಷ್ಮವಾಗಿ ಪರಿಶೀಲಿಸಿದರು. ಸಂಸ್ಕೃತೀಕರಣವೆಂದು ಲೋಕಪ್ರಸಿದ್ಧವಾದ ಅವರ ಪರಿಕಲ್ಪನೆ ವಿದ್ವತ್ಪ್ರಪಂಚಕ್ಕೆ ಪರಿಚಿತವಾದುದು ಈ ಗ್ರಂಥದಿಂದ. ಒಕ್ಕದ ಆಚರಣೆಗಳು ಒಕ್ಕದ ಐಕ್ಯವನ್ನು ವ್ಯಕ್ತಪಡಿಸುತ್ತವೆ, ಗ್ರಾಮದ ಆಚರಣೆಗಳು ಗ್ರಾಮದ ಐಕ್ಯವನ್ನು ಎಂಬುದು ಅವರ ವಿವೇಚನೆಯ ತಿರುಳು.

ಮನೆಯ ದೈವವನ್ನು ನಿಜವಾಗಿ ಕದಲಿಸಿದುದು ಕಾಫಿ. ಕಡೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪೆನಿಯವರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಇಪ್ಪತ್ತು ವರ್ಷಗಳಿಗೆ, 1854ರಲ್ಲಿ, ಫೌಲರ್ ಎಂಬ ಯುರೋಪಿಯನನು ಮಡಿಕೇರಿಯ ಬಳಿ ಮೊದಲ ತೋಟವನ್ನು ತೆರೆದನು. ಅಲ್ಲಿಂದ ಮುಂದಿನ ದಶಕಗಳಲ್ಲಿ ಬಾಣೆಗಳೂ ಕಾಡುಗಳೂ ತೋಟಗಳಾದವು. ಒಕ್ಕದ ಮಕ್ಕಳು ಒಬ್ಬೊಬ್ಬರಾಗಿ ಐನ್‌ಮನೆಯನ್ನು ಬಿಟ್ಟು ತಮ್ಮ ತಮ್ಮ ತೋಟದಲ್ಲಿ ಬಂಗಲೆಗಳನ್ನು ಕಟ್ಟಿಕೊಂಡರು. ಭತ್ತದ ಬೇಸಾಯಕ್ಕೆ ಅನೇಕ ಕೈಗಳು ಒಂದೇ ಮಾಡಿನ ಕೆಳಗೆ ಇರಬೇಕಾಗಿದ್ದಿತು. ಕಾಫಿಗೆ ಯಜಮಾನನೊಬ್ಬನೂ ಕೂಲಿಯಾಳುಗಳೂ ಸಾಕು. ಸೈನ್ಯದ ಉದ್ಯೋಗ, ಸರ್ಕಾರಿ ನೌಕರಿ, ಮಡಿಕೇರಿ ವಿರಾಜಪೇಟೆಗಳ ಶಾಲೆಗಳು ಉಳಿದವರನ್ನು ಕರೆದೊಯ್ದವು. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಮಲೆನಾಡಿನ ಹುಲ್ಲುಮಾಡುಗಳಿಗೆ ಹೆಂಚು ಬಂದಿತು. ಹುಲ್ಲನ್ನು ಹೊದೆಸುವುದಕ್ಕೆ ಪ್ರತಿವರ್ಷವೂ ಒಕ್ಕದ ಕೈಗಳು ಸೇರಬೇಕಾಗಿದ್ದ ಪ್ರಸಂಗವೂ ಇದರಿಂದ ತಪ್ಪಿತು.

ತೋಟದ ಬಂಗಲೆಯಲ್ಲಿ ನೆಲ್ಲಕ್ಕಿ ನಡುಬಾಡೆಯಿರಲಿಲ್ಲ. ಅದರ ಜಾಗದಲ್ಲಿ ಬೆತ್ತದ ಕುರ್ಚಿಗಳೂ ಬೆಂಕಿಗೂಡೂ ಉಳ್ಳ ಕೂರುವ ಕೋಣೆಯಿದ್ದಿತು. ಆದರೂ ಹೊಸ ಮನೆಗೆ ದೀಪವೊಂದು ಬಂದಿತು. ಗೋಡೆಯ ಪಕ್ಕದಲ್ಲಿ ಒಂದು ಮೂಲೆಯನ್ನು ಅದಕ್ಕೆಂದು ಬಿಟ್ಟರು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯವೂ ಅದನ್ನನುಸರಿಸಿ ಬಂದವೂ ಅಚ್ಚುಹಾಕಿದ ಲಕ್ಷ್ಮಿ ಸರಸ್ವತಿಯರ ಚಿತ್ರಗಳು ದೇಶದ ಎಲ್ಲ ಮನೆಗಳನ್ನು ಹೊಕ್ಕಂತೆ ಇಲ್ಲಿಗೂ ಬಂದು ದೀಪದ ಹಿಂದೆ ನಿಂತವು. ಕ್ರಮೇಣ ಕಾವೇರಮ್ಮನೂ ಇಗ್ಗುತಪ್ಪನೂ ಚೌಕಟ್ಟಿನೊಳಗೆ ಬಂದರು. ಗತಿಸಿದ ಅಜ್ಜನ ಛಾಯಾಚಿತ್ರವೂ ಆ ಸಾಲಿಗೆ ಸೇರಿತು. ಕೊಡಗಿನಲ್ಲಿ ಸ್ವಂತದ ದೇವರಮೂಲೆ ಹುಟ್ಟಿದುದು ಹೀಗೆ. ಪಕ್ಕದ ಸೀಮೆಗಳಿಗೆ ಅತಿ ಪರಿಚಿತವಾಗಿದ್ದ ರೂಪವೊಂದು ಇಲ್ಲಿ ತಡವಾಗಿ, ತೋಟದ ದಾರಿಯಿಂದ ಬಂದಿತು. ಇಂದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಅಥವಾ ಸಮುದ್ರದಾಚೆಯ ನಗರವೊಂದರಲ್ಲೋ ಮನೆಮಾಡಿಕೊಂಡಿರುವ ಕೊಡವ ಕುಟುಂಬದಲ್ಲಿ ಮುಸ್ಸಂಜೆಗೆ ಹಚ್ಚುವ ದೀಪ ಇದೇ ಪರಂಪರೆಯದು. ತುಲಾಸಂಕ್ರಮಣದ ಮರುದಿನ ಅಂಗಡಿಯಿಂದ ತಂದ ಸೌತೆಕಾಯಿಗೆ ಅಲ್ಲಿಯೂ ಪತ್ತಾಕು ಏರುತ್ತದೆ. ಹಬ್ಬದಡುಗೆಯಾದರೆ ಹಿರಿಯರ ಮೀದಿ ಅಲ್ಲಿಯೂ ಎಲೆಯ ಮೇಲೆ ಬೀಳುತ್ತದೆ.

ಹೀಗೆ ಹೊರಟುಹೋದವುಗಳನ್ನೂ ಉಳಿದವುಗಳನ್ನೂ ಎದುರುಬದುರು ಇಟ್ಟು ನೋಡಿದರೆ ಒಂದು ನಿಯಮ ಕಾಣುತ್ತದೆ. ದೀಪ ಹೊರಟಿತು, ಕಣಿ ಹೊರಟಿತು, ಮೀದಿ ಹೊರಟಿತು. ಇವು ಮೂರೂ ಕೈಯಲ್ಲಿ ಕೊಂಡೊಯ್ಯಬಹುದಾದವು ಮತ್ತು ಮೂರೂ ಬಹುಮಟ್ಟಿಗೆ ಹೆಂಗಸರ ಕೈಯಲ್ಲಿದ್ದವು. ಕನ್ನಿಕಂಬ ಹೊರಡಲಿಲ್ಲ, ಕೈಮಡ ಹೊರಡಲಿಲ್ಲ. ಎಷ್ಟೇ ಸಿರಿವಂತನಾದರೂ ತನ್ನ ತೋಟದ ಬಂಗಲೆಯ ಮುಂದೆ ತನ್ನೊಬ್ಬನದೇ ಗುರುಕಾರಣನನ್ನು ಪ್ರತಿಷ್ಠಿಸಿಕೊಳ್ಳುವುದು ಅರ್ಥವಿಲ್ಲದ ಮಾತು. ಏಕೆಂದರೆ ಗುರುಕಾರಣನು ಎಲ್ಲರಿಗೂ ಒಬ್ಬನೇ, ಅವನನ್ನು ಪಾಲುಮಾಡಿಕೊಂಡರೆ ಒಕ್ಕವನ್ನೇ ಪಾಲುಮಾಡಿದಂತೆ. ಹಳೆಯ ಜಮ್ಮಾ ಕಟ್ಟಳೆ ಭೂಮಿಯ ವಿಷಯದಲ್ಲಿ ಸಡಿಲಗೊಳ್ಳುತ್ತ ಬಂದ ಮೇಲೆಯೂ ಪಿತೃಗಳ ವಿಷಯದಲ್ಲಿ ಅಭಂಗವಾಗಿ ಉಳಿದಿದೆಯೆನ್ನಬೇಕು.

ಈ ಉಳಿದ ಭಾಗವನ್ನು ದಾಖಲಿಸುವ ಎಚ್ಚರ ಕೊಡಗಿನೊಳಗಿನಿಂದಲೇ ಹುಟ್ಟಿತು. ಪೋಲೀಸು ಇಲಾಖೆಯಲ್ಲಿ ಸೇವೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಹಳ್ಳಿಹಳ್ಳಿಯ ಹಾಡುಗಾರರಿಂದ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ'ಯಲ್ಲಿ ಹಬ್ಬದ ಹಾಡುಗಳೂ ಮದುವೆ ಮರಣಗಳ ಕಟ್ಟಳೆಗಳೂ ಕನ್ನಡ ಲಿಪಿಯಲ್ಲಿ ಭದ್ರಗೊಂಡವು. ಅವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಆ ಗ್ರಂಥವನ್ನು 2003ರಲ್ಲಿ ಇಂಗ್ಲಿಷಿಗೆ ತಂದು, ಬಳಿಕ ನಾಡಿನ ಐನ್‌ಮನೆಗಳನ್ನು ಒಂದೊಂದಾಗಿ ಸಂದರ್ಶಿಸಿ ಅವುಗಳ ವೃತ್ತಾಂತವನ್ನು ಗ್ರಂಥರೂಪಕ್ಕೆ ಇಳಿಸಿದರು. ಒಕ್ಕದ ಪ್ರಜ್ಞೆ ಪೂಜೆಯ ಹೊರಗೂ ಜೀವಂತವಾಗಿದೆಯೆಂಬುದಕ್ಕೆ 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಒಕ್ಕದವರು ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬವೇ ಸಾಕ್ಷಿ. ಅಲ್ಲಿ ಪಂದ್ಯವಾಡುವುದು ಊರುಗಳಲ್ಲ, ಒಕ್ಕಗಳು. ಇತ್ತೀಚೆಗೆ ಅನೇಕ ಒಕ್ಕಗಳು ವಂತಿಗೆಯೆತ್ತಿ ಕುಸಿದ ಐನ್‌ಮನೆಗಳನ್ನು ಕಟ್ಟಿಸುತ್ತಿವೆ. ಹಲಸಿನ ಕಂಬದ ಸ್ಥಾನದಲ್ಲಿ ಕಾಂಕ್ರೀಟಿನದು ಬಂದಿದ್ದರೆ ಕಲಾರಸಿಕರಿಗೆ ವ್ಯಥೆಯಾಗುವುದು ಸಹಜವೇ. ಆದರೆ ವರ್ಷಕ್ಕೊಮ್ಮೆಯಾದರೂ ಅದರ ಮುಂದೆ ಒಕ್ಕದವರೆಲ್ಲರೂ ನೆರೆಯುವರಾದರೆ ಕಂಬವು ತನ್ನ ಕೆಲಸವನ್ನು ಮಾಡುತ್ತಿದೆಯೆಂದೇ ಭಾವಿಸಬೇಕು.

ಉಳಿದಿರುವ ಸಮಸ್ಯೆ ವರ್ಷದ ಆ ಒಂದು ದಿನದ್ದಲ್ಲ, ಮಿಕ್ಕ ಮುನ್ನೂರ ಅರವತ್ತನಾಲ್ಕು ಸಂಜೆಗಳದು. ಎಲ್ಲರೂ ಹೊರಟುಹೋದ ಐನ್‌ಮನೆಯಲ್ಲಿ ನಿತ್ಯವೂ ದೀಪ ಹಚ್ಚುವವರು ಯಾರು? ಕೆಲವೆಡೆ ಒಕ್ಕದ ಒಂದು ಸಂಸಾರವನ್ನು ಒಪ್ಪಿಸಿ ಅಲ್ಲಿ ಇರಿಸುತ್ತಾರೆ, ಕೆಲವೆಡೆ ಸಮೀಪದ ತೋಟದಲ್ಲಿರುವವನು ಸಂಜೆ ಬಂದುಹೋಗುತ್ತಾನೆ, ಕೆಲವೆಡೆ ಹಬ್ಬಕ್ಕೆ ಮಾತ್ರ ಬಾಗಿಲು ತೆರೆಯುತ್ತದೆ. ನಗರದ ಮನೆಯಲ್ಲಿ ಸ್ವಂತದ ದೀಪವನ್ನು ಹಚ್ಚಿಕೊಂಡವನ ನೆಮ್ಮದಿಯು, ತಾನು ಹಚ್ಚಲಾರದ ಮತ್ತೊಂದು ದೀಪವನ್ನು ಬೇರೊಬ್ಬನು ಹಚ್ಚುತ್ತಿದ್ದಾನೆಂಬ ಭರವಸೆಯ ಮೇಲೆ ನಿಂತಿದೆ; ಆ ಭರವಸೆಯ ವೆಚ್ಚವನ್ನು ಹೊರುವವನು ಸಾಮಾನ್ಯವಾಗಿ ಒಕ್ಕದಲ್ಲಿ ಹೆಚ್ಚು ಉಳ್ಳವನಲ್ಲ, ಊರು ಬಿಟ್ಟು ಹೋಗಲಾಗದೆ ಉಳಿದವನು. ಆದಕಾರಣ ತನ್ನ ಹೊಸ ಮನೆಯಲ್ಲಿ ದೇವರಿಗೊಂದು ಮೂಲೆಯನ್ನು ಅಣಿಗೊಳಿಸಲು ಹೊರಟ ಕೊಡಗಿನವನು ದಿಕ್ಕನ್ನೂ ಮುಹೂರ್ತವನ್ನೂ ವಿಚಾರಿಸುವ ಮೊದಲು, ತನ್ನ ಐನ್‌ಮನೆಯ ದೀಪಕ್ಕೆ ಈ ವರ್ಷದ ಎಣ್ಣೆಯನ್ನು ಕೊಟ್ಟವರು ಯಾರೆಂಬುದನ್ನು ವಿಚಾರಿಸುವುದು ಯುಕ್ತ.